ತಟ್ಟೆಯಲ್ಲಿ ಉಳಿದ ಹಪ್ಪಳ

ತಿಂಡಿಯ ತಟ್ಟೆ ಖಾಲಿಯಾಗದೇ ಒಳಗೆ ಬಂತು.

"ಮುಗೀತು ಬಿಡು," ಎಂದರು ತಾಯಿ ಜಗದಾಂಬಾ.

ಹೆಣ್ಣು ನೋಡಲು ಬಂದವನು ತಿಂಡಿ ಬಿಟ್ಟು ಎದ್ದರೆ ಹುಡುಗಿ ಬೇಡವೆಂದೇ ಆ ಮನೆಯಲ್ಲಿ ಅರ್ಥ. ಬಾಯಿಬಿಟ್ಟು ಹೇಳುವ ಮುಜುಗರ ತಪ್ಪಲೆಂದು ಹಿರಿಯರು ಮಾಡಿಕೊಂಡ ಏರ್ಪಾಡು.

ಮಗಳು ಉಮಾಮಹೇಶ್ವರಿ ಕಾಫಿ ಲೋಟಗಳನ್ನು ಕೆಳಗಿಟ್ಟಳು. ಇಷ್ಟಕ್ಕೂ ಅವನನ್ನು ನೋಡಿದ್ದು ಕಾಫಿ ಕೊಡುವಷ್ಟು ಹೊತ್ತು. ಹೆಸರು ಷಡಕ್ಷರಿ, ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಅದಿರು ಪರೀಕ್ಷಿಸುವ ಕೆಲಸ.

"ಸ್ಕೂಲಲ್ಲಿ ಏನು ಹೇಳ್ಕೊಡ್ತೀರಿ?" ಎಂದು ಕೇಳಿದ್ದ.

"ಭೂಗೋಳ."

ಅವನ ಕಣ್ಣು ಅರಳಿದ್ದನ್ನು ಅವಳು ತಲೆ ತಗ್ಗಿಸಿಕೊಂಡೇ ನೋಡಿದ್ದಳು. "ಹಂಗಾದ್ರೆ ಆಫ್ರಿಕಾದ ಪಶ್ಚಿಮ ಕರಾವಳಿ..." ಎಂದು ಅವನು ಶುರು ಮಾಡುವಷ್ಟರಲ್ಲಿ ಚಿಕ್ಕಮ್ಮ ಒಳಗೆ ಕರೆದಿದ್ದರು. ೧೯೩೫ರ ಶಿವಮೊಗ್ಗದಲ್ಲಿ ಹುಡುಗಿ ಅದಕ್ಕಿಂತ ಹೆಚ್ಚು ಹೊತ್ತು ನಿಲ್ಲುವಂತಿರಲಿಲ್ಲ.

ಹೊರಗೆ ತಂದೆ ಚಂದ್ರಶೇಖರಪ್ಪ ಮುಖ ಬಿಗಿದುಕೊಂಡು ಜಟಕಾ ಕರೆಸಿದ್ದರು. ಭದ್ರಾವತಿಯ ರೈಲಿಗೆ ಹೊತ್ತಾಗಿತ್ತು.

ಅವಳು ತಟ್ಟೆ ಎತ್ತಿಕೊಂಡಳು. ಉಪ್ಪಿಟ್ಟು ಒಂದು ಮೂಲೆಗೆ ಸರಿದಿತ್ತು. ಹಪ್ಪಳ ಎರಡು ಹೋಳಾಗಿತ್ತು. ನಡುವೆ ಬೆರಳಗಲ ಜಾಗ. ಅಂಚನ್ನು ಅವನು ಚೂರುಚೂರೇ ಮುರಿದು ತಿದ್ದಿದ್ದ. ಎಡಗಡೆ ಬ್ರೆಜಿಲ್‌ನ ಉಬ್ಬು, ಬಲಗಡೆ ಗಿನಿ ಕೊಲ್ಲಿಯ ತಗ್ಗು. ಕ್ಲಾಸಿನ ನಕ್ಷೆಯಲ್ಲಿ ಅವಳು ಕೋಲಿಟ್ಟು ತೋರಿಸುವ ತೀರಗಳೇ.

ಖಂಡಗಳು ಒಂದು ಕಾಲಕ್ಕೆ ಕೂಡಿದ್ದು ಆಮೇಲೆ ದೂರ ಸರಿದವೆಂಬ ವಾದವನ್ನು ಅವಳು ಓದಿದ್ದಳು. ಎರಡೂ ದಡಗಳಲ್ಲಿ ಒಂದೇ ಬಗೆಯ ಬಂಡೆಗಳು, ಒಂದೇ ಬಗೆಯ ಪಳೆಯುಳಿಕೆಗಳು. ಅಷ್ಟು ನೆಲವನ್ನು ತಳ್ಳಿದ ಬಲ ಯಾವುದೆಂದು ಮಾತ್ರ ಯಾರೂ ಸರಿಯಾಗಿ ಹೇಳಿರಲಿಲ್ಲ. ಬಹುಪಾಲು ವಿದ್ವಾಂಸರು ಒಪ್ಪಿಯೂ ಇರಲಿಲ್ಲ.

"ಅಮ್ಮಾ, ಇದು ಬಿಟ್ಟಿದ್ದಲ್ಲ. ನಂಗೆ ತೋರ್ಸೋಕೆ ಇಟ್ಟಿದ್ದು."

"ಹಪ್ಪಳಾನಾ? ಹುಚ್ಚೇನೇ ಮಾರಾಯ್ತಿ ನಿಂಗೆ?"

ಅವಳು ತಟ್ಟೆ ಹಿಡಿದೇ ಆಗಲೇ ಹೊಸ್ತಿಲು ದಾಟಿದ್ದಳು. ಜಗಲಿಯಲ್ಲಿ ಷಡಕ್ಷರಿ ಸೋತ ಮುಖದಲ್ಲಿ ಚಪ್ಪಲಿ ಮೆಟ್ಟುತ್ತಿದ್ದ.

"ನೀವು ತಿನ್ಲೇ ಇಲ್ಲ," ಎಂದಳು.

"ಇನ್ನೊಂದ್ಸಲ ಬರ್ತೀರೇನೋ ಅಂತ ಕಾದೆ. ನೀವು ಬರ್ಲಿಲ್ಲ. ನಾನು ಇಷ್ಟ ಆಗ್ಲಿಲ್ಲ ಅಂದ್ಕೊಂಡೆ."

ಜಟಕಾದೊಳಗಿಂದ ಅವನ ತಾಯಿ ಇಣುಕಿದರು. "ನಮ್ಮನೇಲಿ ರೊಟ್ಟಿಗೂ ಇದೇ ಗತಿ ಕಣಮ್ಮ. ಆರೋ ತನಕ ಜೋಡಿಸ್ತಾ ಕೂರ್ತಾನೆ."

ಉಮಾ ನಗು ತಡೆದುಕೊಂಡಳು. "ತಳ್ಳಿದ್ದು ಯಾವ ಶಕ್ತಿ ಅಂತ ಗೊತ್ತಾ?"

"ಇಲ್ಲ."

"ಗೊತ್ತಿಲ್ದೇನೇ ನಂಬ್ತೀರಾ?"

"ಅಂಚಿಗೆ ಅಂಚು ಹೊಂದುತ್ತಲ್ರೀ," ಎಂದ, ಅವಳನ್ನೇ ನೋಡುತ್ತ. "ಕಾರಣ ನಿಧಾನಕ್ಕೆ ಹುಡುಕಿದ್ರಾಯ್ತು."

ತಂದೆ ನೋಡುತ್ತಿದ್ದಂತೆಯೇ ಅವಳು ಹೆಬ್ಬೆರಳಿನಿಂದ ಆಫ್ರಿಕಾವನ್ನು ಮೆಲ್ಲಗೆ ಎಡಕ್ಕೆ ಸರಿಸಿದಳು. ನಡುವಿನ ಸಮುದ್ರ ಮುಚ್ಚಿಕೊಂಡಿತು.

"ಈಗ ತಿನ್ನಿ."

ಅವನು ಒಂದೇ ಕಾಲಿನ ಚಪ್ಪಲಿಯಲ್ಲಿ ಜಗಲಿಯ ಮೇಲೆ ಕುಳಿತ. ಬಲಗಡೆಯ ಹೋಳು ತಾನು ತೆಗೆದುಕೊಂಡು, ಇನ್ನೊಂದನ್ನು ಅವಳತ್ತ ಚಾಚಿದ. ಅವಳು ತೆಗೆದುಕೊಂಡಳು.

ಚಂದ್ರಶೇಖರಪ್ಪ ಇಬ್ಬರನ್ನೂ ಒಮ್ಮೆ ನೋಡಿ, ಜಟಕಾದವನ ಕಡೆ ತಿರುಗಿದರು.

"ಕುದುರೆ ಬಿಚ್ಚಪ್ಪ. ಬೀಗರು ನಾಳೆ ರೈಲಿಗೆ ಹೋಗ್ತಾರೆ."