ಕನಕರಾಯರ ಕಿವಿ

ಅಂಗಡಿಗೆ ಫೋನು ಬಂದರೆ ಸಾಕು, ಮಲ್ಲೇಶ್ವರಿ ಹೊಲಿಗೆ ಮೆಶಿನ್ ಆಗಬೇಕಿತ್ತು.

ಆ ಕಡೆಯಿಂದ ದೇವದುರ್ಗದ ಯಾವನೋ ಟೇಲರ್ ತನ್ನ ಕೆಟ್ಟ ಮೆಶಿನ್ನಿನ ಸದ್ದನ್ನು ಬಾಯಲ್ಲೇ ಮಾಡಿ ತೋರಿಸುತ್ತಿದ್ದ. ಇವಳು ಅಂಗಡಿಯ ಯಜಮಾನ ಕನಕರಾಯರ ಕಿವಿಯ ಹತ್ತಿರ ಬಾಗಿ ಅದನ್ನೇ ಒದರುತ್ತಿದ್ದಳು. "ಟಕಟಕ, ಕರ್ರ್! ಟಕಟಕ, ಕರ್ರ್! ಖೊಳ್!"

"ಶಟಲ್‌ನಾಗ ದಾರ ಸಿಕ್ಕಾದ," ಎನ್ನುತ್ತಿದ್ದರು ಕನಕರಾಯರು. "ಆದ್ರ ಮೆಶಿನ್ ಯಾಕ ಕೆಮ್ಮತದ?"

"ಕೆಮ್ಮಿದ್ದು ಟೇಲರ್ ರೀ. ಅದನ್ನೂ ಸೇರಿಸೀನಿ."

ರಾಯಚೂರಿನ ತೀನ್ ಕಂದೀಲ್ ವೃತ್ತದ ಹತ್ತಿರದ ಆ ಸಣ್ಣ ಅಂಗಡಿಯಲ್ಲಿ ಅಜ್ಜಿಯರ ಕಾಲದ ಮೆಶಿನ್ನುಗಳು ಮತ್ತೆ ಹೊಸದಾಗುತ್ತಿದ್ದವು. ಅವರು ತುಕ್ಕು ಬಿಡಿಸಿ ಓಡುವಂತೆ ಮಾಡಿದರೆ, ಅಳಿಸಿಹೋದ ಬಂಗಾರದ ಹೂಬಳ್ಳಿಯನ್ನು ಇವಳು ಕುಂಚದಿಂದ ಬರೆಯುತ್ತಿದ್ದಳು. ಹನ್ನೊಂದು ವರ್ಷದಿಂದ ಹೀಗೇ. ಅವಳಿಗೆ ನಲವತ್ತಾರು, ಗಂಡ ತೀರಿ ಬಹಳ ದಿನವಾಗಿತ್ತು. ಅವರಿಗೆ ಅರವತ್ತಮೂರು, ಹೆಂಡತಿಯೂ ಇಲ್ಲ, ಮಕ್ಕಳೂ ಇಲ್ಲ.

ಯುಗಾದಿಯ ಮರುದಿನ ಅವಳೇ ಧೈರ್ಯ ಮಾಡಿ ಕೇಳಿದ್ದಳು. "ನಾವಿಬ್ರೂ ಮದಿವಿ ಆಗೂನೇನ್ರಿ? ಅಂಗಡೀನೂ ಕೂಡೇ ನಡಸೂನು."

ಕನಕರಾಯರು ಕಿವಿಗೆ ಕೈ ಹಚ್ಚಿದ್ದರು. "ಏನಂದಿ? ಯಾಕೋ ಕಿವಿ ಮಂದ ಆಗ್ಯಾವ ನೋಡು."

ಎರಡನೇ ಸಲ ಕೇಳಲು ನಾಚಿಕೆಯಾಯಿತು. ಅದರ ಬದಲು ಅವರ ಕಿವಿಯೇ ಆದಳು. ನಾಲ್ಕು ತಿಂಗಳಿಂದ ದಿನಕ್ಕೆ ಹತ್ತು ಸಲ ಆ ನರೆಗೂದಲ ಹತ್ತಿರ ಬಾಗುವುದು, ಮೆಶಿನ್ ಎಣ್ಣೆ ಬೆರೆತ ಎಲೆಅಡಿಕೆಯ ವಾಸನೆ, ಇವಳ ಉಸಿರು ತಾಗಿ ಕೆಂಪಾಗುವ ಅವರ ಕಿವಿಯ ತುದಿ. ಕೇಳದ ಕಿವಿಗೆ ನಾಚಲು ಮಾತ್ರ ಬರುತ್ತದಲ್ಲ ಎಂದು ಒಳಗೊಳಗೇ ನಕ್ಕಿದ್ದಳು.

ಗುರುವಾರ ಮಧ್ಯಾಹ್ನ ಕನಕರಾಯರು ಚಹಾಕ್ಕೆ ಹೋಗಿದ್ದಾಗ ದೇವದುರ್ಗದ ಟೇಲರ್ ಹಾಲೇಶ ಟೇಪು ಹಿಡಿದು ಬಂದು ಗೋಡೆ ಅಳೆಯತೊಡಗಿದ.

"ಏನ್ರಿ, ಗ್ವಾಡಿಗೆ ಅಂಗಿ ಹೊಲಸ್ತೀರೇನು?"

"ಸೋಮವಾರದಿಂದ ಅಂಗಡಿ ನಂದೇ ಅಕ್ಕಾ! ಯಜಮಾನ್ರು ಹೇಳಿಲ್ಲೇನು? ಮೆಶಿನ್ನು, ಕಪಾಟು, ನೀವು, ಎಲ್ಲಾ ಇದ್ದಂಗ ಇರಬೇಕಂತ ಮಾತಾಗ್ಯಾದ."

ಕಪಾಟಾದ ಮೇಲೆ ತಾನು. ಮಲ್ಲೇಶ್ವರಿಯ ಕೈಯ ಕುಂಚ ಹೂವಿನಿಂದ ಜಾರಿತು.

"ಅವರಿಗೆ ಕಿವಿ ಕೇಳಸಂಗಿಲ್ಲ. ಏನೋ ತಪ್ಪು ತಿಳಕೊಂಡಿರಬೇಕು."

"ಯಾರಿಗೆ? ರಾತ್ರಿ ಮನಿಗೆ ಫೋನ್ ಮಾಡಿ ನಾ ಪಿಸುಗುಟ್ಟಿದ್ರೂ ಹಿಡೀತಾರ ಅವರು."

ಹಾಲೇಶ ಹೋದ. ಕನಕರಾಯರು ಬಂದು, ಇವಳಿಗೆ ಬೆನ್ನು ಮಾಡಿ, ಒಂದು ಮೆಶಿನ್ ಬಿಚ್ಚುತ್ತ ಕುಳಿತರು. ಮಲ್ಲೇಶ್ವರಿ ಬಾಗಿಲಿನವರೆಗೂ ಹಿಂದೆ ಸರಿದು, ಇದ್ದಷ್ಟು ಸಣ್ಣ ದನಿಯಲ್ಲಿ ಅಂದಳು, "ಟಿಕ್... ಟಿಕ್... ಸರ್ರ್..."

"ಬೆಲ್ಟ್ ಸಡ್ಲಾಗ್ಯಾದ," ಎಂದರು ಅವರು, ತಿರುಗದೆಯೇ.

ಸ್ಕ್ರೂಡ್ರೈವರ್ ನಿಂತುಬಿಟ್ಟಿತು.

"ಯುಗಾದಿ ಮರುದಿನ ನಾ ಅಂದಿದ್ದೂ ಕೇಳಿಸಿತ್ತೇನು?"

"ಕೇಳಿಸಿತ್ತು."

"ಪೂರಾ?"

"ಪೂರಾ." ಅವರು ತಲೆ ಎತ್ತಲಿಲ್ಲ. "ಅಂಜಿದೆ, ಮಲ್ಲೇಶ್ವರಿ. ನಾಳೆ ನಾ ಹಾಸಿಗಿ ಹಿಡದ್ರ ನಿನ್ನ ಬಾಳು ನನ್ನ ಸೇವಾದಾಗ ಹೋಗ್ತದ. ಒಲ್ಲೆ ಅನ್ನಾಕ ಮನಸು ಬರಲಿಲ್ಲ, ಹೂಂ ಅನ್ನಾಕ ಧೈರ್ಯ ಬರಲಿಲ್ಲ. ನಿನಗೊಂದು ನೆಲಿ ಮಾಡಿ ಸರಿಯೂಣಂತ..."

"ಮತ್ತ ನಾಲ್ಕು ತಿಂಗಳು ಕಿವಿ ಕೊಟ್ಟು ಕುಂತದ್ದು ಯಾಕ?"

"ನೀ ಹತ್ರ ಬರತಿದ್ದೆಲ್ಲ."

ಇಂಥ ಒಂದು ಮಾತಿಗಾಗಿಯೇ ಅವಳು ಇಷ್ಟು ದಿನ ಕಾದಿದ್ದು. ಆದರೆ ಸಿಕ್ಕಿದ್ದು ಹೀಗೆ.

"ಹತ್ರ ಬಂದಾಕಿ ನಾ. ಅದನ್ನ ಕದ್ದು ಇಟಗೊಂಡವರು ನೀವು. ನನ್ನ ಕೇಳಲಾರದೇ ನನ್ನ ಮುಂದಿನ ಬಾಳು ಕಪಾಟಿನ ಜೋಡಿ ಹಾಲೇಶಗ ಒಪ್ಪಿಸಿದ್ರಿ. ಮಾನ್ವಿಯಾಗ ನಮ್ಮಕ್ಕ ನೇತ್ರಾವತಿ ಮನಿ ಮುಂದ ಒಂದು ಖೋಲಿ ಅದ. ಅಲ್ಲೇ ಅಂಗಡಿ ಇಡತೀನಿ, ರಿಪೇರಿ ನನಗೂ ಬರತದ."

ಕುಂಚಗಳನ್ನು ಚೀಲಕ್ಕೆ ಹಾಕಿಕೊಂಡು ನಡೆದುಬಿಟ್ಟಳು.

ಬಸ್‌ಸ್ಟ್ಯಾಂಡಿನಲ್ಲಿ ಅವಳು ಹತ್ತಿ ಕುಳಿತ ಮಾನ್ವಿ ಬಸ್ಸಿನ ಕಿಟಕಿಯ ಕೆಳಗೆ ಕನಕರಾಯರು ಏದುಸಿರು ಬಿಡುತ್ತ ಬಂದು ನಿಂತರು. ಅಂಗಿಯ ಮೇಲೆ ಎಣ್ಣೆ, ಕಾಲಲ್ಲಿ ಬೇರೆಬೇರೆ ಚಪ್ಪಲಿ.

"ಹಾಲೇಶಗ ಫೋನ್ ಮಾಡಿ ಮಾತು ಮುರದೆ."

"ಅದನ್ನೂ ನನ್ನ ಕೇಳಲಾರದೇ ಮಾಡಿದ್ರಿ."

ಎಂಜಿನ್ ಗುಡುಗಿತು. ಆ ಸದ್ದಿನ ಮೇಲೆ ಅವರು ಕೂಗಿದರು, "ನನ್ನ ಮದಿವಿ ಆಗ್ತಿಯೇನು?"

ಶೇಂಗಾ ಮಾರುವವಳು ತಿರುಗಿ ನೋಡಿದಳು. ಕಂಡಕ್ಟರ್ ಸೀಟಿ ಊದುವುದನ್ನು ಮರೆತ. ಮಲ್ಲೇಶ್ವರಿಯ ನಾಲಿಗೆಯ ತುದಿಗೆ ಬಂದ 'ಹೂಂ' ಅನ್ನು ಅವಳು ಕಷ್ಟಪಟ್ಟು ನುಂಗಿದಳು. ಕಣ್ಣಿನ ನೀರು ಮಾತ್ರ ನುಂಗಲಾಗಲಿಲ್ಲ.

"ಬಸ್ಸು ಹೆಣ್ಮಕ್ಕಳಿಗೆ ವಾಪಸ್ ಬರಾಕೂ ಫ್ರೀ ಅದ, ಮಲ್ಲೇಶ್ವರಿ," ಎಂದರು ಅವರು, ಸರಳು ಹಿಡಿದು.

"ನಾ ಬರಂಗಿಲ್ಲ." ಬಸ್ಸು ಅಲುಗಿತು. ಅವಳು ಅವರ ಬೆರಳುಗಳನ್ನು ಒಂದೊಂದಾಗಿ ಸರಳಿನಿಂದ ಬಿಡಿಸಿದಳು, ಕೊನೆಯದನ್ನು ತುಸು ತಡವಾಗಿ. "ನಿಮಗ ಟಿಕೆಟ್ ಹತ್ತತದ. ತಗಸಿಕೊಂಡು ಬರ್ರಿ. ಬಂದು ನಮ್ಮಕ್ಕನ ಎದುರಿಗೆ ಕೇಳ್ರಿ. ಏನಂತೀನೋ, ಆವತ್ತು ನೋಡೂಣು."