ಗಂಗಾಂಬಿಕೆ ಎಣಿಸಿದ ಉಲ್ಕೆಗಳು

"ನಿಮ್ಮ ತಾರಸಿ ಎರಡು ರಾತ್ರಿಗೆ ಬೇಕಾಗಿತ್ತು..."

ಬಾಗಿಲಲ್ಲಿ ನಿಂತ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು ನೀಲಕಂಠಸ್ವಾಮಿ ಹೀಗೆಂದಾಗ ಗಂಗಾಂಬಿಕೆಯ ಎದೆ ಡವಡವ ಎಂದಿತು. ಹುಡುಗಿಯರ ಶಾಲೆಯ ಟೀಚರ್ ಅವಳು. ಎದೆ ಹೀಗೆ ಸದ್ದು ಮಾಡುವುದು ಯಾವ ಪಠ್ಯದಲ್ಲೂ ಇರಲಿಲ್ಲ.

೧೯೫೫ರ ಡಿಸೆಂಬರ್. ಗುಂಡ್ಲುಪೇಟೆಯ ಆ ಬೀದಿಯಲ್ಲಿ ಹೆಂಚಿಲ್ಲದೆ ತಾರಸಿ ಇದ್ದ ಮನೆ ಅದೊಂದೇ. ಆಗಿನ ಕತ್ತಲೆಯಾದರೂ ಎಂಥದ್ದು! ಗೋಪಾಲಸ್ವಾಮಿ ಬೆಟ್ಟದವರೆಗೂ ಒಂದೇ ಕಂಬಳಿ ಹೊದಿಸಿದಂತೆ... ಈಗ ಹುಡುಕಿದರೂ ಸಿಗದು.

"ಉಲ್ಕೆ ಎಣಿಸಿ ವೀಕ್ಷಣಾಲಯಕ್ಕೆ ಲೆಕ್ಕ ಕಳಿಸ್ಬೇಕು ಅಜ್ಜಿ. ನಕ್ಷತ್ರ ಬೀಳೋದಲ್ಲ ಅದು. ಆಕಾಶದ ಧೂಳು ನಮ್ಮ ಗಾಳಿಗೆ ತಾಗಿ ಉರಿಯೋದು."

"ಧೂಳಾ? ನಮ್ಮ ಅಟ್ಟದಲ್ಲೂ ಅದೆ ಕಣಪ್ಪ, ಎಣಿಸ್ಕೊ ಬಾ!" ಎಂದರು ಗಂಗಾಂಬಿಕೆಯ ಅಜ್ಜಿ ಪುಟ್ಟಮಲ್ಲಮ್ಮ. ಆದರೂ ಒಪ್ಪಿದರು, ಕಾವಲಿಗೆ ತಾವೂ ಕೂರುವ ಷರತ್ತಿನ ಮೇಲೆ.

ಎಣಿಸಲು ಗಂಗಾಂಬಿಕೆಯೂ ಸೇರಿದಳು. ಅವನಿಗೆ ಉತ್ತರದ ಆಕಾಶ, ಅವಳಿಗೆ ದಕ್ಷಿಣದ್ದು. ಬೆನ್ನಿಗೆ ಬೆನ್ನು ಮಾಡಿ ಎರಡು ಕುರ್ಚಿ. ಪ್ರೇಮಕ್ಕೆ ಇದಕ್ಕಿಂತ ಕೆಟ್ಟ ಏರ್ಪಾಡು ಇರಲಾರದು. ಕಂಡ ಪ್ರತಿ ಉಲ್ಕೆಗೂ ನೋಟ್‌ಬುಕ್ಕಿನಲ್ಲಿ ಒಂದು ಗೀಟು.

ಹನ್ನೆರಡಕ್ಕೆ ಹೋಲಿಸಿ ನೋಡಿದರು. ಅವನದು ಐವತ್ತೆಂಟು, ಅವಳದು ಮೂವತ್ತೊಂದು.

"ನಿದ್ದೆ ಬಂದ್ಬಿಡ್ತಾ, ಟೀಚರಮ್ಮ? ಈ ಪುಟ ವೀಕ್ಷಣಾಲಯಕ್ಕೆ ಕಳಿಸೋಕಾಗಲ್ಲ, ಬಿಡಿ."

ಛೇ! ನಿಜ ಹೇಳಿಬಿಡಲೇ? ವಿಜ್ಞಾನದ ಮೇಷ್ಟ್ರ ಮುಂದೆ ಅದನ್ನು ಹೇಗೆ ಹೇಳಲಿ... ನಕ್ಕುಬಿಟ್ಟರೆ? ಸೋಮವಾರ ಅವರು ವರ್ಗವಾಗಿ ಚಾಮರಾಜನಗರಕ್ಕೆ ಹೊರಡುತ್ತಾರೆ. ಇನ್ನು ನನ್ನನ್ನು ನೆನೆದರೂ ನಿದ್ದೆಬುರುಕಿಯೆಂದೇ!

ಮರುದಿನ ಅವಳು ತಾರಸಿ ಹತ್ತಲಿಲ್ಲ.

"ಟೀಚರಮ್ಮಂಗೆ ಕೋಪವಾ ಅಜ್ಜಿ?"

"ಆಗದೆ ಇನ್ನೇನು? ಚುಕ್ಕಿ ಬಿದ್ರೆ ಒಂದು ಜೀವ ಓಯ್ತು ಅಂತ ಕಣಪ್ಪ ನಮ್ಮನೇಲಿ. ಕಣ್ಮುಚ್ಚಿ, ಬೇಕಾದೋರ ಹೆಸರೇಳಿ, ಚೆನ್ನಾಗಿರ್ಲಿ ಅನ್ಬೇಕು. ಪ್ರತಿ ಚುಕ್ಕಿಗೂ ಕಣ್ಮುಚ್ಕೊಂಡು ಕೂತಿದ್ಲು. ಅಷ್ಟ್ರಲ್ಲಿ ಇನ್ನೊಂದು ಬಿದ್ದು ಓಗಿರ್ತದೆ!"

ಅವನು ಮೆಟ್ಟಿಲು ಹಾರಿ ಇಳಿದ. ನಡುಮನೆಯಲ್ಲಿ ಅವಳು ಮಕ್ಕಳ ಲೆಕ್ಕದ ಪುಸ್ತಕ ತಿದ್ದುತ್ತಿದ್ದಳು.

"ತಪ್ಪು ನನ್ನದು. ಕೇಳದೇ ಅಂದ್ಬಿಟ್ಟೆ. ಆ ಪುಟಾನೂ ಕಳಿಸ್ತೀನಿ... ವೀಕ್ಷಕರು ಪ್ರತಿ ಸಲವೂ ಒಂದೆರಡು ನಿಮಿಷ ಕಣ್ಣು ಮುಚ್ಚಿದ್ದರು ಅಂತ ಷರಾ ಬರೆದು."

"ಯಾಕೆ ಅಂತ ಬರೀಬೇಡಿ!"

"ಇಲ್ಲ. ನಂಗೆ ಮಾತ್ರ ಹೇಳಿ. ಯಾರ ಹೆಸರು ಹೇಳ್ತಿದ್ರಿ?"

"ಮೊದಲೆರಡಕ್ಕೆ ಅಜ್ಜೀದು."

"ಉಳಿದ ಇಪ್ಪತ್ತೊಂಬತ್ತಕ್ಕೆ?"

ಅವಳು ಸರಿಯಾಗಿದ್ದ ಒಂದು ಉತ್ತರಕ್ಕೆ ತಪ್ಪು ಗುರುತು ಹಾಕಿದಳು.

"ಸೋಮವಾರ ಹೊರಡೋರದು..."

ಮೇಲಿಂದ ಅಜ್ಜಿ ಕೂಗಿದರು. "ಬೀಳ್ತಾ ಅವೆ ಕಣ್ರಪ್ಪ! ಎಣಿಸೋರೇ ಇಲ್ಲ!"

ಇಬ್ಬರೂ ಅಲ್ಲಾಡಲಿಲ್ಲ.

"ಭಾನುವಾರ ನಮ್ಮವ್ವನ್ನ ಕರ್ಕೊಂಡು ಬರ್ತೀನಿ," ಎಂದ ಮೆಲ್ಲಗೆ.

"ಯಾಕೆ?" ಗೊತ್ತಿದ್ದೂ ಕೇಳಿದಳು.

"ನಿಮ್ಮಜ್ಜೀನ ಕೇಳೋಕೆ."

"ನನ್ನ ಕೇಳಲ್ವಾ?"

"ಕೇಳ್ತಾ ಇದೀನಲ್ಲ, ಗಂಗಾ..."

"ಹೂಂ," ಎಂದಳು.