ಗಾಳಿ ಬಂದಾಗ ತೂರುವವಳು

"ನನ್ನ ವಿಧಾನ ಸತ್ತುಹೋಗಿದೆ ಅಂತ ಇವತ್ತು ಸಭೇಲಿ ಹೇಳ್ತೀರಂತೆ?" ಮಿಜುಎ ಹಾತಾನೊ ಪರದೆಯಿಂದ ಕಣ್ಣು ತೆಗೆಯದೆ ಕೇಳಿದಳು.

ಕಂಪನಿಯ ಲಾಭನಷ್ಟ ಪರಿಶೀಲಿಸುವ ಶಿಬಾತಾ ಅವಳ ಮೇಜಿನ ಮೇಲೆ ಕಾಫಿ ಇಟ್ಟ. "ಸತ್ತಿದೆ ಅನ್ನಲ್ಲ ಹಾತಾನೊ-ಸಾನ್. ಮೊದಲಿನಷ್ಟು ಹಾಲು ಕೊಡ್ತಿಲ್ಲ ಅಂತೀನಿ."

"ಹಾಲು ಕೊಡದ ಹಸೂನ ಏನು ಮಾಡ್ತಾರೆ ಅಂತ ನಿಮಗೆ ಗೊತ್ತಿಲ್ವಾ?"

ಅವನು ಅವಳ ಕಿವಿಯ ಹಿಂದಿನಿಂದ ಜಾರಿದ ಕೂದಲನ್ನೇ ನೋಡುತ್ತ ನಿಂತ. ಅದು ಅವಳಿಗೆ ಗೊತ್ತಾಗಿ ಕೆನ್ನೆ ಬಿಸಿಯಾಯಿತು, ಸಿಟ್ಟು ಇನ್ನೂ ಏರಿತು.

ಡಾಲರ್-ಯೆನ್ ವಹಿವಾಟು ನಡೆಸುವ ಟೋಕಿಯೊದ ಆ ಕಂಪನಿಯಲ್ಲಿ ಮಿಜುಎಯದು ಗಾಳಿ ಬಂದಾಗ ತೂರಿಕೊಳ್ಳುವ ಕೆಲಸ. ಡಾಲರ್ ಏರುತ್ತಿದ್ದರೆ ಕೊಂಡು ಕೂರಬೇಕು. ತಾನೇ ಹಾಕಿದ ಗೆರೆಗಿಂತ ಕೆಳಗಿಳಿದರೆ ನಷ್ಟ ನುಂಗಿಕೊಂಡು ಮಾರಬೇಕು. ಎರಡು ವರ್ಷದಿಂದ ಗಾಳಿಯೇ ಬೀಸಿಲ್ಲ. ಇವತ್ತು ನಿರ್ದೇಶಕರು ಬೇಡ ಅಂದರೆ ಅವಳ ವಿಭಾಗ ಮುಚ್ಚುತ್ತದೆ, ಅವಳು ತನ್ನೂರು ಸಪ್ಪೊರೊಗೆ ಗಂಟುಮೂಟೆ ಕಟ್ಟಬೇಕು. ಕೆಲಸ ಹೋದರೆ ಹೋಗಲಿ, ಇವನ ಮುಖ ಮತ್ತೆ ಕಾಣುವುದಿಲ್ಲವಲ್ಲ ಅನ್ನುವುದೇ ಅವಳ ಸಂಕಟ.

ಅಷ್ಟರಲ್ಲಿ ಡಾಲರ್ ಜಾರತೊಡಗಿತು. ಗೆರೆಗೆ ಕೂದಲೆಳೆಯಷ್ಟು ದೂರ.

"ಮಾರಬೇಡಿ," ಶಿಬಾತಾ ಪಿಸುಗುಟ್ಟಿದ. "ತಿರುಗಿದ್ರೂ ತಿರುಗಬಹುದು. ಇವತ್ತೊಂದಿನ ನಿಯಮ ಮುರೀರಿ."

"ಪರಿಶೀಲಿಸೋರೇ ಹೀಗೆ ಹೇಳಿದ್ರೆ ಹೇಗೆ?"

ಡಾಲರ್ ಗೆರೆ ದಾಟಿತು. ಅವಳು ಮಾರಿದಳು. ಕಾಫಿ ಆರುವುದರೊಳಗೆ ಅದು ಮತ್ತೆ ಏರಿತು, ಹಾಳಾದ್ದು. ಶಿಬಾತಾ ಸಭೆಗೆ ಹೋದ.

ಮಿಜುಎ ಊಟದ ಬೆಂತೊ ಡಬ್ಬಿ ತೆರೆದಳು. ಒಂದು ತುತ್ತೂ ಮುಟ್ಟದೆ ಮತ್ತೆ ಮುಚ್ಚಿಟ್ಟಳು.

ಅವನು ಹೊರಬಂದಾಗ ಟೈ ಸಡಿಲವಾಗಿತ್ತು.

"ಮುಚ್ತಾರಾ?"

"ನಿರ್ಧಾರ ಮುಂದಕ್ಕೆ ಹೋಯ್ತು. ಲಾಭ ತೆಳ್ಳಗಾಗಿದೆ, ಆದರೆ ಇದೆ, ಕಾಯೋ ತಾಳ್ಮೆ ಇದ್ದೋರಿಗೆ ಅಂತ ಹೇಳ್ದೆ. ಆಮೇಲೆ, ನನ್ನ ಮಾತು ಲೆಕ್ಕಕ್ಕಿಟ್ಕೋಬೇಡಿ, ಬೇರೆಯವರ ಕೈಲಿ ಪರಿಶೀಲಿಸಿ ಅಂದೆ."

"ಯಾಕೆ?"

"ನನ್ನ ತಕ್ಕಡಿ ನೆಟ್ಟಗಿಲ್ಲ. ಬೆಳಿಗ್ಗೆ ನೀವೇ ನೋಡಿದ್ರಲ್ಲ. ಅಧ್ಯಕ್ಷರು ಕಾರಣ ಕೇಳಿದ್ರು." ಅವನ ಕಿವಿಗಳು ಕೆಂಪಾದವು. "ಹೇಳ್ಬಿಟ್ಟೆ."

"ಏನಂತ?"

"ಹಾತಾನೊ-ಸಾನ್ ಎದುರಿಗಿದ್ರೆ ನನಗೆ ಅಂಕಿಗಳೇ ಕಾಣಲ್ಲ ಅಂತ."

ಮಿಜುಎಗೆ ನಗು, ಅಳು ಒಟ್ಟಿಗೇ ಬಂದವು. "ನನ್ನೊಬ್ಬಳನ್ನ ಬಿಟ್ಟು ಊರಿಗೆಲ್ಲ ಡಂಗುರ ಸಾರಿ ಬಂದ್ರಾ? ಕೂತ್ಕೊಳ್ಳಿ. ಈಗ ನನಗೂ ಹೇಳಿ. ಸರಿಯಾಗಿ, ಹೆಸರು ಹಿಡಿದು."

ಅವನು ಹೇಳಿದ. ನಿರ್ದೇಶಕರ ಮುಂದೆ ತೊದಲಿದ್ದಕ್ಕಿಂತ ಹೆಚ್ಚು ತೊದಲಿದ.